ವಿಮಾನದೊಳಗಿನ ವಿಷಗಾಳಿ: ಸಿಬ್ಬಂದಿಯ ರಕ್ತಪರೀಕ್ಷೆ ಇಳಿದ ಕೂಡಲೇ ಆಗಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರ.

ಹಾರಾಟದ ನಡುವೆ ಸುಟ್ಟ ವಾಸನೆ ಬಂದು ವಿಮಾನ ಹಿಂದಿರುಗಿತು, ಪ್ರಯಾಣಿಕರೆಲ್ಲರೂ ಸುರಕ್ಷಿತ ಎಂಬ ಧಾಟಿಯ ಸುದ್ದಿ ಆಗಾಗ ಪತ್ರಿಕೆಗಳ ಒಳಪುಟಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬೆಂಕಿ ಹೊತ್ತಿಕೊಳ್ಳಲಿಲ್ಲ, ಯಾರಿಗೂ ಗಾಯವಾಗಲಿಲ್ಲ, ಪ್ರಯಾಣಿಕರನ್ನು ಬೇರೆ ವಿಮಾನದಲ್ಲಿ ಕಳುಹಿಸಿಕೊಡಲಾಯಿತು ಎಂಬಲ್ಲಿಗೆ ಆ ಸುದ್ದಿ ಮುಗಿಯುತ್ತದೆ. ಆ ವಾಸನೆ ಯಾವುದರದ್ದು, ಎಲ್ಲಿಂದ ಬಂತು, ಅದನ್ನು ಉಸಿರಾಡುತ್ತಲೇ ಪ್ರಯಾಣಿಕರಿಗೆ ಧೈರ್ಯ ಹೇಳುತ್ತಿದ್ದ ಗಗನಸಖಿಯರು, ಬಾಗಿಲು ಮುಚ್ಚಿದ ಕಾಕ್‌ಪಿಟ್‌ನೊಳಗೆ ವಿಮಾನವನ್ನು ಇಳಿಸುತ್ತಿದ್ದ ಪೈಲಟ್‌ಗಳು ಮರುದಿನ ಹೇಗಿದ್ದರು ಎಂಬ ವಿಚಾರಣೆ ಎಲ್ಲಿಯೂ ಕಾಣುವುದಿಲ್ಲ. ವಿಮಾನಗಳ ನಿರ್ವಹಣಾ ವಿಭಾಗದಲ್ಲಿ ದುಡಿದು ನಿವೃತ್ತನಾಗಿರುವ ನಾನು ಈ ವಿಷಯವನ್ನು ಎಂಜಿನ್‌ನ ಕಡೆಯಿಂದ ಬಲ್ಲವನು. ಆ ಅನುಭವದ ಆಧಾರದ ಮೇಲೆ, ಮತ್ತು ಈ ವೃತ್ತಿಗೆ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಈಗ ಹೆಚ್ಚು ಹೆಚ್ಚಾಗಿ ಬರುತ್ತಿರುವ ನಮ್ಮ ಹುಡುಗ ಹುಡುಗಿಯರ ಆರೋಗ್ಯದ ಕಾಳಜಿಯಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ವಿಮಾನದೊಳಗಿನ ಗಾಳಿ ಎಲ್ಲಿಂದ ಬರುತ್ತದೆ ಎಂಬುದು ಪದೇ ಪದೇ ಪ್ರಯಾಣಿಸುವವರಿಗೂ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಹೊರಗಿನ ಗಾಳಿ ಉಸಿರಾಟಕ್ಕೆ ಸಾಲದಷ್ಟು ತೆಳುವಾಗಿರುತ್ತದೆ. ಅದನ್ನು ಸಂಪೀಡಿಸಿ, ಹದವಾದ ಉಷ್ಣತೆಗೆ ತಂದು ಒಳಗೆ ಬಿಡಬೇಕು. ಈ ಕೆಲಸಕ್ಕೆ ಬೇರೆ ಯಂತ್ರವನ್ನು ಹೊರುವ ಬದಲು, ಎಂಜಿನ್ ತನ್ನ ದಹನಕ್ಕಾಗಿ ಹೇಗೂ ಸಂಪೀಡಿಸುವ ಗಾಳಿಯಲ್ಲಿಯೇ ಒಂದು ಪಾಲನ್ನು, ಇಂಧನ ಸೇರುವ ಮೊದಲೇ, ಕಂಪ್ರೆಸರ್‌ನಿಂದ ಹೊರತೆಗೆದು ಬಳಸಲಾಗುತ್ತದೆ. ಇದನ್ನೇ ನಾವು ಬ್ಲೀಡ್ ಏರ್ ಎನ್ನುತ್ತೇವೆ. ವಿಮಾನ ನೆಲದ ಮೇಲಿರುವಾಗ ಬಾಲದಲ್ಲಿರುವ ಎಪಿಯು ಎಂಬ ಚಿಕ್ಕ ಎಂಜಿನ್ ಇದೇ ಗಾಳಿಯನ್ನು ಒದಗಿಸುತ್ತದೆ. ಬೋಯಿಂಗ್ 707ರ ಕಾಲದಲ್ಲಿ ಕ್ಯಾಬಿನ್ ಗಾಳಿಗೆಂದೇ ಪ್ರತ್ಯೇಕ ಟರ್ಬೋಕಂಪ್ರೆಸರ್‌ಗಳಿದ್ದವು. ಮುಂದೆ ತೂಕ ಮತ್ತು ಖರ್ಚನ್ನು ಉಳಿಸಲು ಅವನ್ನು ಕೈಬಿಟ್ಟು ಎಂಜಿನ್‌ನಿಂದ ನೇರವಾಗಿ ಗಾಳಿ ತೆಗೆಯುವ ಕ್ರಮ ಬಂತು. 2011ರಲ್ಲಿ ಸೇವೆಗೆ ಬಂದ ಬೋಯಿಂಗ್ 787 ಮಾತ್ರ ವಿದ್ಯುತ್ ಕಂಪ್ರೆಸರ್‌ಗಳ ಮೂಲಕ ಹೊರಗಿನ ಗಾಳಿಯನ್ನು ನೇರವಾಗಿ ಎಳೆದುಕೊಳ್ಳುತ್ತದೆ. ನಮ್ಮ ದೇಶದೊಳಗಿನ ಮಾರ್ಗಗಳಲ್ಲಿ ದಿನನಿತ್ಯ ಹಾರುವ ಏರ್‌ಬಸ್ ಎ320, ಬೋಯಿಂಗ್ 737, ಎಟಿಆರ್ ಇವೆಲ್ಲವೂ ಎಂಜಿನ್‌ನ ಗಾಳಿಯನ್ನೇ ನೆಚ್ಚಿಕೊಂಡಿವೆ.

ಎಂಜಿನ್‌ನ ಬೇರಿಂಗ್‌ಗಳಿಗೆ ಎಣ್ಣೆ ಬೇಕು, ಮತ್ತು ಆ ಎಣ್ಣೆ ಗಾಳಿಯ ಹಾದಿಗೆ ನುಗ್ಗದಂತೆ ತಡೆಯಲು ಸೀಲ್‌ಗಳಿವೆ. ಈ ಸೀಲ್‌ಗಳು ಎರಡೂ ಕಡೆಯ ಗಾಳಿಯ ಒತ್ತಡದ ವ್ಯತ್ಯಾಸದ ಬಲದಿಂದಲೇ ಎಣ್ಣೆಯನ್ನು ಹಿಡಿದಿಡುತ್ತವೆ. ಎಂಜಿನ್ ಚಾಲೂ ಮಾಡುವಾಗ, ಮೇಲೇರುವಾಗ, ಎತ್ತರದಿಂದ ಇಳಿಯಲು ತೊಡಗಿದಾಗ ಆ ಒತ್ತಡ ಏರುಪೇರಾಗುತ್ತದೆ. ಸೀಲ್ ಸವೆದಿದ್ದರೆ ಎಣ್ಣೆ ಜಿನುಗುತ್ತದೆ. ಎಣ್ಣೆಯನ್ನು ಅಗತ್ಯಕ್ಕಿಂತ ಹೆಚ್ಚು ತುಂಬಿದಾಗಲೂ ಹೀಗೆಯೇ ಆಗುತ್ತದೆ. ಎಂಜಿನ್ ನಿಂತ ಮೇಲೆ ಕೈಪಿಡಿಯಲ್ಲಿ ಹೇಳಿದ ಅವಧಿಯೊಳಗೆ ಎಣ್ಣೆಯ ಮಟ್ಟವನ್ನು ನೋಡಬೇಕು ಎಂಬ ನಿಯಮವಿದೆ. ತಡವಾದರೆ ಎಣ್ಣೆ ಗೇರ್‌ಬಾಕ್ಸ್ ಕಡೆಗೆ ಇಳಿದು ಟ್ಯಾಂಕಿನಲ್ಲಿ ಕಡಿಮೆಯಿದ್ದಂತೆ ಕಾಣುತ್ತದೆ, ಅದನ್ನು ನಂಬಿ ಇನ್ನೊಂದು ಡಬ್ಬಿ ಸುರಿದುಬಿಡುತ್ತಾರೆ. ಮುಂದಿನ ಹಾರಾಟದಲ್ಲಿ ಆ ಹೆಚ್ಚುವರಿ ಎಣ್ಣೆ ಸೋರಲು ದಾರಿ ಹುಡುಕುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬನೇ ಎಂಜಿನಿಯರ್ ನಾಲ್ಕಾರು ವಿಮಾನಗಳನ್ನು ನೋಡಿಕೊಳ್ಳಬೇಕಾದಲ್ಲಿ ಇಂಥದು ನಡೆಯುವುದು ಅಚ್ಚರಿಯಲ್ಲ.

ಈ ಎಣ್ಣೆ ಸಾಮಾನ್ಯ ಎಣ್ಣೆಯಲ್ಲ. ಸವೆತವನ್ನು ತಡೆಯಲು ಅದರಲ್ಲಿ ಟ್ರೈಕ್ರೆಸೈಲ್ ಫಾಸ್ಫೇಟ್ ಎಂಬ ರಾಸಾಯನಿಕವನ್ನು ಸಾಮಾನ್ಯವಾಗಿ ಶೇ 3ರಷ್ಟು ಬೆರೆಸಿರುತ್ತಾರೆ. ಇದು ಆರ್ಗನೊಫಾಸ್ಫೇಟ್ ವರ್ಗಕ್ಕೆ ಸೇರಿದ್ದು. ನಮ್ಮ ರೈತರು ಸಿಂಪಡಿಸುವ ಹಲವು ಕೀಟನಾಶಕಗಳ ಕುಲವೂ ಅದೇ. ಈ ರಾಸಾಯನಿಕದ ಕೆಲವು ರೂಪಗಳು ನರಗಳಿಗೆ ಹಾನಿ ಮಾಡುತ್ತವೆ ಎಂಬುದು ವಿವಾದಕ್ಕೆ ಎಡೆಯಿಲ್ಲದ ಸಂಗತಿ. 1959ರಲ್ಲಿ ಮೊರಾಕ್ಕೊ ದೇಶದ ಮೆಕ್ನೆಸ್ ಪ್ರದೇಶದಲ್ಲಿ ಹೆಚ್ಚುವರಿಯಾಗಿ ಉಳಿದಿದ್ದ ಜೆಟ್ ಎಂಜಿನ್ ಎಣ್ಣೆಯನ್ನು ಅಡುಗೆ ಎಣ್ಣೆಗೆ ಬೆರೆಸಿ ಮಾರಿದಾಗ ಸುಮಾರು 10,000 ಜನ ಕೈಕಾಲುಗಳ ಸ್ವಾಧೀನ ಕಳೆದುಕೊಂಡರು. 1988ರಲ್ಲಿ ಕಲ್ಕತ್ತದ ಬೆಹಾಲಾದಲ್ಲಿ ಇದೇ ರಾಸಾಯನಿಕ ಸೇರಿದ್ದ ಸಾಸಿವೆ ಜಾತಿಯ ಎಣ್ಣೆಯನ್ನು ತಿಂದ ನೂರಾರು ಮಂದಿ ಅದೇ ರೀತಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡರು. ಎರಡೂ ಕಡೆ ವಿಷ ಹೊಟ್ಟೆಗೆ ಹೋದದ್ದು, ಅದೂ ದೊಡ್ಡ ಪ್ರಮಾಣದಲ್ಲಿ. ಕ್ಯಾಬಿನ್‌ಗೆ ಸೇರುವ ಆವಿಯ ಪ್ರಮಾಣ ಅದಕ್ಕಿಂತ ಎಷ್ಟೋ ಪಾಲು ಕಡಿಮೆ ಎಂಬುದನ್ನು ಒಪ್ಪಲೇಬೇಕು. ಅಪಾಯಕಾರಿ ರೂಪದ ಅಂಶವನ್ನು ಇಂದಿನ ಎಣ್ಣೆಗಳಲ್ಲಿ ಬಹಳ ತಗ್ಗಿಸಿದ್ದೇವೆ ಎಂದು ತಯಾರಕರು ಹೇಳುತ್ತಾರೆ, ಅದೂ ಇರಬಹುದು. ಆದರೆ ಎಣ್ಣೆಯ ಮಂಜನ್ನು ದೀರ್ಘಕಾಲ ಉಸಿರಾಡಿದರೆ ನರಮಂಡಲಕ್ಕೆ ತೊಂದರೆಯಾಗಬಹುದು ಎಂಬ ಎಚ್ಚರಿಕೆಯನ್ನು ಡಬ್ಬಿಯ ಮೇಲೆಯೇ ಮುದ್ರಿಸುತ್ತಿದ್ದ ಕಾಲವೂ ಇತ್ತು. ಆ ಎಚ್ಚರಿಕೆ ನಮ್ಮಂಥ ಎಣ್ಣೆ ತುಂಬುವವರಿಗೆ ಸಿಗುತ್ತಿತ್ತು, ಒಳಗೆ ಕೂತು ಉಸಿರಾಡುವವರಿಗೆ ಸಿಗುತ್ತಿರಲಿಲ್ಲ. ಮೇಲಾಗಿ ಎಣ್ಣೆ ಎಂಜಿನ್‌ನ ಬಿಸಿಗೆ ಕಾದು ಒಡೆದಾಗ ಈ ಒಂದು ರಾಸಾಯನಿಕ ಮಾತ್ರ ಹೊರಬರುವುದಿಲ್ಲ. ಕಾರ್ಬನ್ ಮಾನಾಕ್ಸೈಡ್, ಫಾರ್ಮಾಲ್ಡಿಹೈಡ್, ಕಣ್ಣಿಗೆ ಕಾಣದ ಅತಿಸೂಕ್ಷ್ಮ ಕಣಗಳು ಎಲ್ಲವೂ ಸೇರಿಕೊಂಡಿರುತ್ತವೆ.

ವಿಮಾನದಲ್ಲಿ ಹೆಪಾ ಫಿಲ್ಟರ್ ಇದೆಯಲ್ಲ ಎಂದು ಓದುಗರು ಕೇಳಬಹುದು. ಕೋವಿಡ್ ಕಾಲದಲ್ಲಿ ವಿಮಾನಯಾನ ಸಂಸ್ಥೆಗಳು ಆ ಫಿಲ್ಟರ್‌ಗಳ ಬಗ್ಗೆ ಬಹಳ ಪ್ರಚಾರ ಮಾಡಿದ್ದವು, ಮತ್ತು ವೈರಾಣುಗಳ ಮಟ್ಟಿಗೆ ಆ ಮಾತು ಸರಿಯೂ ಆಗಿತ್ತು. ಆದರೆ ಹೆಪಾ ಫಿಲ್ಟರ್ ಇರುವುದು ಕ್ಯಾಬಿನ್‌ನೊಳಗೇ ಮರುಬಳಕೆಯಾಗುವ ಗಾಳಿಯ ಹಾದಿಯಲ್ಲಿ. ಅದು ಕಣಗಳನ್ನು ಹಿಡಿಯುತ್ತದೆ, ಆವಿ ಮತ್ತು ಅನಿಲಗಳನ್ನು ಹಿಡಿಯುವುದಿಲ್ಲ. ಎಂಜಿನ್‌ನಿಂದ ಬರುವ ಹೊಸ ಗಾಳಿ ಬಹುತೇಕ ವಿಮಾನಗಳಲ್ಲಿ ಯಾವ ಶೋಧನೆಯೂ ಇಲ್ಲದೆ ಒಳಗೆ ಬರುತ್ತದೆ. ತಲೆಯ ಮೇಲಿನಿಂದ ಬೀಳುವ ಹಳದಿ ಆಮ್ಲಜನಕದ ಮುಖವಾಡವೂ ಇಲ್ಲಿ ನೆರವಾಗದು, ಏಕೆಂದರೆ ಅದು ಸುತ್ತಲಿನ ಗಾಳಿಯನ್ನೂ ಬೆರೆಸಿಯೇ ಕೊಡುತ್ತದೆ. ಶೇ 100 ಆಮ್ಲಜನಕ ಕೊಡುವ ಬಿಗಿ ಮುಖವಾಡ ಇರುವುದು ಪೈಲಟ್‌ಗಳಿಗೆ ಮಾತ್ರ. ಕ್ಯಾಬಿನ್ ಸಿಬ್ಬಂದಿಗೆ ಬೆಂಕಿ ಆರಿಸಲೆಂದು ಕೊಡುವ, ಕೆಲವೇ ನಿಮಿಷ ಬಾಳುವ ಹೊಗೆಗವಸು ಇರುತ್ತದೆ. ಕಣ್ಣಿಗೆ ಹೊಗೆ ಕಾಣದೆ ಬರೀ ವಾಸನೆ ಬಂದಾಗ ಅದನ್ನು ತೊಟ್ಟುಕೊಂಡು ಪ್ರಯಾಣಿಕರ ಮುಂದೆ ಓಡಾಡಿ ಗಾಬರಿ ಹುಟ್ಟಿಸಲು ಯಾವ ಸಿಬ್ಬಂದಿಯೂ ಮುಂದಾಗುವುದಿಲ್ಲ.

ಎಲ್ಲ ವಾಸನೆಯೂ ಎಣ್ಣೆಯದ್ದಲ್ಲ ಎಂಬುದನ್ನೂ ಹೇಳಬೇಕು. ಓವನ್‌ನಲ್ಲಿ ಸೀದ ಊಟ, ಶೌಚಾಲಯ, ಟ್ಯಾಕ್ಸಿವೇಯಲ್ಲಿ ಸಾಲುಗಟ್ಟಿ ನಿಂತಾಗ ಮುಂದಿನ ವಿಮಾನದಿಂದ ಬರುವ ಎಂಜಿನ್ ಹೊಗೆ, ಶೀತ ದೇಶಗಳಲ್ಲಿ ಹಿಮ ಕರಗಿಸಲು ಸಿಂಪಡಿಸುವ ದ್ರವದ ಸಿಹಿಯಾದ ವಾಸನೆ ಎಲ್ಲವೂ ಬರುತ್ತವೆ. ಹೈಡ್ರಾಲಿಕ್ ದ್ರವ ಸೋರಿ ಎಪಿಯು ಒಳಗೆ ಎಳೆದುಕೊಂಡರೆ ಗಂಟಲು ಕೆರೆಯುವ ಘಾಟು ಇರುತ್ತದೆ. ಎಂಜಿನ್ ಎಣ್ಣೆಯದ್ದಾದರೆ ಒಗೆಯದ ಕಾಲುಚೀಲದ ಅಥವಾ ಒದ್ದೆ ನಾಯಿಯ ವಾಸನೆ ಎಂದು ಬೇರೆ ಬೇರೆ ದೇಶಗಳ ಸಿಬ್ಬಂದಿ ಒಂದೇ ಮಾತಿನಲ್ಲಿ ವರ್ಣಿಸುತ್ತಾರೆ. ಸೋರಿದ ವಿಮಾನದ ಗಾಳಿ ಕೊಳವೆಯನ್ನು ಬಿಚ್ಚಿ ಒಳಗೆ ಬಿಳಿ ಬಟ್ಟೆ ಆಡಿಸಿದರೆ ಕಂದುಬಣ್ಣದ ಜಿಡ್ಡು ಅಂಟಿಕೊಂಡು ಬರುತ್ತದೆ, ಬಟ್ಟೆಗೆ ಮೂಗು ಹಿಡಿದರೆ ಅದೇ ವಾಸನೆ. ಈ ಜಿಡ್ಡನ್ನು ಸುಟ್ಟು ಕಳೆಯಲೆಂದೇ ಎಂಜಿನ್ ಓಡಿಸಿ, ಏರ್ ಕಂಡಿಷನಿಂಗ್ ಪ್ಯಾಕ್‌ಗಳನ್ನು ಹೆಚ್ಚಿನ ಬಿಸಿಯಲ್ಲಿ ಇಟ್ಟು ಪ್ಯಾಕ್ ಬರ್ನ್ ಮಾಡುವ ಪದ್ಧತಿ ಇದೆ. ಕೊಳವೆಯಲ್ಲಿ ಏನೂ ಸೇರಿಕೊಳ್ಳುವುದಿಲ್ಲ ಎನ್ನುವುದಾದರೆ ಈ ಪದ್ಧತಿಗೆ ಅರ್ಥವೇ ಇರುತ್ತಿರಲಿಲ್ಲ.

ಇದರಿಂದ ಏನಾಗಬಹುದು ಎಂಬುದಕ್ಕೆ ಜರ್ಮನಿಯ ಒಂದು ಪ್ರಕರಣ ಕಣ್ಣು ತೆರೆಸುವಂಥದು. 2010ರ ಡಿಸೆಂಬರ್ 19ರಂದು ಜರ್ಮನ್‌ವಿಂಗ್ಸ್ ಸಂಸ್ಥೆಯ ಏರ್‌ಬಸ್ ಎ319 ವಿಮಾನ ಕೊಲೋನ್ ಬಾನ್ ನಿಲ್ದಾಣಕ್ಕೆ ಇಳಿಯುತ್ತಿದ್ದಾಗ ಕಾಕ್‌ಪಿಟ್‌ನಲ್ಲಿ ಸುಟ್ಟ ವಾಸನೆ ಬಂದು ಇಬ್ಬರು ಪೈಲಟ್‌ಗಳೂ ಏಕಕಾಲಕ್ಕೆ ತೀವ್ರವಾಗಿ ಅಸ್ವಸ್ಥರಾದರು. ಕೈಕಾಲು ಜುಮುಗುಟ್ಟಿ, ತಲೆ ಸುತ್ತಿ, ಮುಂದೇನು ಮಾಡಬೇಕೆಂಬುದೇ ಹೊಳೆಯದ ಸ್ಥಿತಿಯಲ್ಲಿ, ಮುಖವಾಡ ಹಾಕಿಕೊಂಡು ಬಹಳ ಕಷ್ಟದಿಂದ ವಿಮಾನವನ್ನು ಇಳಿಸಿದರು. ಇಳಿದ ಮೇಲೆ ಅವರ ರಕ್ತದ ಆಮ್ಲಜನಕದ ಮಟ್ಟ ಶೇ 80ಕ್ಕಿಂತ ಕೆಳಗೆ ಇದ್ದದ್ದು ದಾಖಲಾಯಿತು. ಅವರಲ್ಲಿ ಒಬ್ಬರು ತಿಂಗಳುಗಟ್ಟಲೆ ಹಾರಾಟಕ್ಕೆ ಮರಳಲಾಗಲಿಲ್ಲ. ವಿಮಾನದಲ್ಲಿ ಸಿಬ್ಬಂದಿ ಸೇರಿ 149 ಜನರಿದ್ದರು. ಈ ಪ್ರಕರಣದಲ್ಲಿ ಆವಿಯ ಮೂಲ ಎಣ್ಣೆಯೋ ಹಿಮ ಕರಗಿಸುವ ದ್ರವವೋ ಎಂಬುದು ಕೊನೆಗೂ ಖಚಿತವಾಗಲಿಲ್ಲ. ಗಾಳಿಯ ಮಾದರಿಯನ್ನೇ ಯಾರೂ ಹಿಡಿದಿಟ್ಟಿರಲಿಲ್ಲವಾದ್ದರಿಂದ ಖಚಿತವಾಗುವುದು ಸಾಧ್ಯವೂ ಇರಲಿಲ್ಲ. ಬಳಿಕ ಅದೇ ದೇಶದ ಅಪಘಾತ ತನಿಖಾ ಸಂಸ್ಥೆ 2006ರಿಂದ 2013ರವರೆಗಿನ ಇಂಥ ಆರುನೂರಕ್ಕೂ ಹೆಚ್ಚು ವರದಿಗಳನ್ನು ಒಟ್ಟುಗೂಡಿಸಿ ಅಧ್ಯಯನ ನಡೆಸಿತು.

ನಮ್ಮ ದೇಶದ ಉದಾಹರಣೆಯೂ ದೂರವಿಲ್ಲ. 2022ರ ಅಕ್ಟೋಬರ್ 12ರ ರಾತ್ರಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಸ್ಪೈಸ್‌ಜೆಟ್‌ನ ಕ್ಯೂ400 ವಿಮಾನದ ಕ್ಯಾಬಿನ್ ಹೊಗೆಯಿಂದ ತುಂಬಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪರಿಶೀಲಿಸಿದಾಗ ಎಂಜಿನ್‌ನ ಗಾಳಿ ಹೊರಬಿಡುವ ಕವಾಟದಲ್ಲಿ ಎಣ್ಣೆ ಕಂಡುಬಂತು. ಅಲ್ಲಿಂದ ಎಣ್ಣೆ ಏರ್ ಕಂಡಿಷನಿಂಗ್ ವ್ಯವಸ್ಥೆಗೆ ಸೇರಿ ಹೊಗೆಯಾಗಿತ್ತು. ಆ ಮಾದರಿಯ ಎಲ್ಲ ವಿಮಾನಗಳ ಎಂಜಿನ್ ಎಣ್ಣೆಯ ಮಾದರಿಯನ್ನು 15 ದಿನಗಳಿಗೊಮ್ಮೆ ತಯಾರಕರಿಗೆ ಕಳುಹಿಸಿ ಪರೀಕ್ಷಿಸಬೇಕೆಂದು ನಿರ್ದೇಶನಾಲಯ ಆದೇಶಿಸಿತು. ಸರಿಯಾದ, ಶ್ಲಾಘನೀಯ ಆದೇಶ ಅದು. ಎಂಜಿನ್‌ನ ಎಣ್ಣೆಗೆ ಪರೀಕ್ಷೆ ವಿಧಿಸಲು ಕೆಲವೇ ದಿನ ಸಾಕಾದವು. ಅದೇ ಎಣ್ಣೆಯ ಹೊಗೆಯನ್ನು ಉಸಿರಾಡಿದ ಸಿಬ್ಬಂದಿಯ ರಕ್ತಕ್ಕೂ ಅಂಥದೇ ಪರೀಕ್ಷೆ ವಿಧಿಸುವ ನಿಯಮ ಇರಬೇಕಿತ್ತು ಎಂಬುದು ನನ್ನ ಪತ್ರದ ಮುಖ್ಯ ಮಾತು.

ಈ ಆವಿಗಳಿಂದ ದೀರ್ಘಕಾಲದ ಕಾಯಿಲೆ ಬರುತ್ತದೆಯೇ ಎಂಬ ಪ್ರಶ್ನೆಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಏರೊಟಾಕ್ಸಿಕ್ ಸಿಂಡ್ರೋಮ್ ಎಂಬ ಹೆಸರನ್ನು ಕೆಲವು ಸಂಶೋಧಕರು ಇಪ್ಪತ್ತೈದು ವರ್ಷಗಳ ಹಿಂದೆಯೇ ಕೊಟ್ಟರೂ ಅದನ್ನು ಪ್ರತ್ಯೇಕ ರೋಗವೆಂದು ವೈದ್ಯಲೋಕ ಇನ್ನೂ ಸಾಮಾನ್ಯವಾಗಿ ಒಪ್ಪಿಲ್ಲ. ಬ್ರಿಟನ್ನಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯ 100 ಹಾರಾಟಗಳಲ್ಲಿ ಗಾಳಿಯನ್ನು ಅಳೆದು 2011ರಲ್ಲಿ ವರದಿ ಕೊಟ್ಟಿತು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ 2017ರಲ್ಲಿ 69 ಹಾರಾಟಗಳ ಅಳತೆಯನ್ನು ಪ್ರಕಟಿಸಿತು. ಕ್ಯಾಬಿನ್‌ನ ಗಾಳಿ ಸಾಮಾನ್ಯ ಕಚೇರಿ ಮನೆಗಳ ಗಾಳಿಗಿಂತ ಕೆಟ್ಟದ್ದಲ್ಲ ಎಂಬುದು ಈ ಅಧ್ಯಯನಗಳ ಒಟ್ಟು ಸಾರ. ಈ ಅಳತೆಗಳ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುವುದಿಲ್ಲ. ಅವು ಸಹಜವಾಗಿ ನಡೆದ ಹಾರಾಟಗಳ ಅಳತೆಗಳು ಎಂಬುದನ್ನು ಮಾತ್ರ ನೆನಪಿಡಬೇಕು. ಸೀಲ್ ಬಿಟ್ಟುಕೊಟ್ಟು ಎಣ್ಣೆ ಒಳಬಂದ ಆ ಒಂದು ಹಾರಾಟದಲ್ಲಿ ಅಳೆಯುವವರು ವಿಮಾನದಲ್ಲಿ ಇರುವುದಿಲ್ಲ. ಅಂಥ ಹಾರಾಟಗಳು ಎಷ್ಟು ಎಂಬ ಲೆಕ್ಕವೂ ಒಂದೇ ತೆರನಾಗಿಲ್ಲ. ಬ್ರಿಟನ್ನಿನ ವಿಷವಿಜ್ಞಾನ ಸಮಿತಿ 2007ರಲ್ಲಿ ಹೇಳಿದಂತೆ ಪೈಲಟ್‌ಗಳ ದೂರಿನ ಪ್ರಕಾರ 100 ಹಾರಾಟಗಳಿಗೆ ಸುಮಾರು 1, ನಿರ್ವಹಣಾ ವಿಭಾಗ ದೃಢಪಡಿಸಿದ ಪ್ರಕಾರ 2,000ಕ್ಕೆ 1. ಅಮೆರಿಕದಲ್ಲಿ ಅಧಿಕೃತ ವರದಿಗಳನ್ನು ಆಧರಿಸಿದ ಒಂದು ಅಧ್ಯಯನದಲ್ಲಿ 10,000ಕ್ಕೆ ಸುಮಾರು 2. ಪೈಲಟ್‌ನ ಮೂಗಿಗೂ ಎಂಜಿನಿಯರ್‌ನ ಸಹಿಗೂ ನಡುವೆ ಇಪ್ಪತ್ತು ಪಟ್ಟು ಅಂತರವಿದೆ ಎಂದರೆ ಆ ಅಂತರದಲ್ಲಿ ಏನು ಕಳೆದುಹೋಗುತ್ತಿದೆ ಎಂದು ಕೇಳಬೇಕಾಗುತ್ತದೆ.

ಏನು ಕಳೆದುಹೋಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಇಳಿಯುವಾಗ ದುರ್ವಾಸನೆ ಬಂತೆಂದು ಕ್ಯಾಪ್ಟನ್ ವಿಮಾನದ ದೋಷಗಳ ದಾಖಲೆ ಪುಸ್ತಕವಾದ ಟೆಕ್ ಲಾಗ್‌ನಲ್ಲಿ ಬರೆಯುತ್ತಾರೆ. ವಿಮಾನ ಮತ್ತೆ ಹೊರಡಲು ಒಂದು ಗಂಟೆಯೂ ಇರುವುದಿಲ್ಲ. ನೆಲದ ಮೇಲೆ ಎಂಜಿನ್ ಮತ್ತು ಎಪಿಯುವನ್ನು ಓಡಿಸಿ, ಪ್ಯಾಕ್‌ಗಳನ್ನು ಒಂದೊಂದಾಗಿ ಹಾಕಿ, ಒಬ್ಬರು ಕ್ಯಾಬಿನ್‌ನ ಉದ್ದಕ್ಕೂ ಮೂಸುತ್ತಾ ನಡೆಯುತ್ತಾರೆ. ಇಳಿಯುವಾಗಿನ ಒತ್ತಡದ ಏರುಪೇರು ನೆಲದ ಮೇಲೆ ಮರುಕಳಿಸುವುದಿಲ್ಲವಾದ್ದರಿಂದ ಬಹಳ ಸಲ ಏನೂ ಮೂಗಿಗೆ ಬಡಿಯುವುದಿಲ್ಲ. ‘ನೆಲದ ಮೇಲೆ ಪರೀಕ್ಷಿಸಲಾಯಿತು, ವಾಸನೆ ಕಂಡುಬರಲಿಲ್ಲ, ವ್ಯವಸ್ಥೆ ಸಹಜವಾಗಿದೆ’ ಎಂದು ಬರೆದು ಸಹಿ ಹಾಕಲಾಗುತ್ತದೆ. ಬರೆದದ್ದು ಸುಳ್ಳಲ್ಲ, ಆ ಹೊತ್ತಿಗೆ ಅಷ್ಟೇ ಕಂಡದ್ದು. ಆದರೆ ತಲೆ ಸಿಡಿಯುತ್ತಿದೆಯೆಂದು, ಮಾತು ತಡವರಿಸುತ್ತಿದೆಯೆಂದು ಹೇಳಿಕೊಂಡು ಮೆಟ್ಟಿಲಿಳಿದ ಹುಡುಗಿಯ ದೂರು ಆ ಒಂದು ಸಾಲಿನಿಂದ ನಿರಾಧಾರವಾಗಿಬಿಡುತ್ತದೆ. ವಿಮಾನದ ಸರಕು ಕೋಣೆಯಲ್ಲಿ, ಶೌಚಾಲಯದಲ್ಲಿ ಹೊಗೆ ಪತ್ತೆಹಚ್ಚುವ ಸಾಧನಗಳಿವೆ. ಜನರು ಉಸಿರಾಡುವ ಗಾಳಿಯ ಹಾದಿಯಲ್ಲಿ ಎಣ್ಣೆಯ ಆವಿಯನ್ನಾಗಲಿ ಕಾರ್ಬನ್ ಮಾನಾಕ್ಸೈಡ್ ಅನ್ನಾಗಲಿ ಗುರುತಿಸುವ ಸಾಧನ ಇರಬೇಕೆಂಬ ಕಡ್ಡಾಯ ನಿಯಮವಿಲ್ಲ. ಮನುಷ್ಯರ ಮೂಗನ್ನೇ ಉಪಕರಣವಾಗಿ ಇಟ್ಟುಕೊಂಡು, ಆ ಮೂಗು ದೂರಿದಾಗ ಪುರಾವೆ ಕೇಳುವುದು ನ್ಯಾಯವಲ್ಲ.

ಪುರಾವೆ ದೇಹದಲ್ಲಿಯೂ ಹೆಚ್ಚು ಹೊತ್ತು ಉಳಿಯುವುದಿಲ್ಲ. ರಕ್ತಕ್ಕೆ ಸೇರಿದ ಕಾರ್ಬನ್ ಮಾನಾಕ್ಸೈಡ್ ಸಾಮಾನ್ಯ ಗಾಳಿಯನ್ನು ಉಸಿರಾಡುತ್ತಿದ್ದರೆ ನಾಲ್ಕೈದು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ, ಆಮ್ಲಜನಕ ಕೊಟ್ಟರೆ ಇನ್ನೂ ಬೇಗ. ಬೆಳಿಗ್ಗೆ ಆರಕ್ಕೆ ಇಳಿದವರು ಕಂಪನಿಯ ವ್ಯಾನ್ ಹಿಡಿದು ಹೋಟೆಲಿಗೆ ಹೋಗಿ ಮಲಗಿ, ಸಂಜೆ ತಲೆನೋವು ತಾಳಲಾರದೆ ಆಸ್ಪತ್ರೆಗೆ ಹೋದರೆ ವರದಿಯಲ್ಲಿ ಎಲ್ಲವೂ ಸಹಜ ಎಂದೇ ಬರುತ್ತದೆ. ಅಲ್ಲಿನ ವೈದ್ಯರಿಗೂ ಏನನ್ನು ಪರೀಕ್ಷಿಸಬೇಕೆಂಬ ಸೂಚನೆ ಇರುವುದಿಲ್ಲ. ನಿದ್ದೆಗೆಟ್ಟಿದ್ದೀರಿ, ನೀರು ಕಡಿಮೆ ಕುಡಿದಿದ್ದೀರಿ, ಆತಂಕ ಪಡುತ್ತಿದ್ದೀರಿ ಎಂದು ಹೇಳಿ ಕಳುಹಿಸುತ್ತಾರೆ. ಅಮೆರಿಕದ ಕೆಲವು ಸಂಶೋಧಕರು ಎಣ್ಣೆಯ ಈ ರಾಸಾಯನಿಕ ರಕ್ತದ ಒಂದು ಕಿಣ್ವದ ಮೇಲೆ ಬಿಡುವ ಗುರುತನ್ನು ಪತ್ತೆಹಚ್ಚುವ ವಿಧಾನದ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಅದು ಇನ್ನೂ ಸಾಮಾನ್ಯ ಆಸ್ಪತ್ರೆಗಳಿಗೆ ಬಂದಿಲ್ಲ. ಆದರೂ ರಕ್ತವನ್ನು ಹೊತ್ತಿಗೆ ಸರಿಯಾಗಿ ತೆಗೆದು ಶೀತಲದಲ್ಲಿ ಇಟ್ಟಿದ್ದರೆ ಮುಂದೆ ಪರೀಕ್ಷಿಸಬಹುದು. ತೆಗೆಯದೇ ಇದ್ದ ರಕ್ತವನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸಲಾರದು.

ಆಸ್ಟ್ರೇಲಿಯದ ಒಬ್ಬ ಗಗನಸಖಿಯ ಪ್ರಕರಣವನ್ನು ಇಲ್ಲಿ ಹೇಳುವುದು ಸೂಕ್ತ. 1992ರಲ್ಲಿ ಬಿಎಇ 146 ವಿಮಾನವೊಂದರಲ್ಲಿ ಎಣ್ಣೆಯ ಹೊಗೆಯನ್ನು ಉಸಿರಾಡಿ ನಿರಂತರ ಕೆಮ್ಮಿಗೆ ತುತ್ತಾದ ಆಕೆಯ ಪರವಾಗಿ ನ್ಯೂ ಸೌತ್ ವೇಲ್ಸ್ ರಾಜ್ಯದ ನ್ಯಾಯಮಂಡಳಿ ತೀರ್ಪು ಕೊಟ್ಟದ್ದು 2009ರಲ್ಲಿ. ಕಂಪನಿಯ ಮೇಲ್ಮನವಿಯ ಕೋರಿಕೆಯನ್ನು ಆ ದೇಶದ ಹೈಕೋರ್ಟ್, ಅಂದರೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ತಳ್ಳಿಹಾಕಿದ್ದು 2010ರಲ್ಲಿ. ಹದಿನೆಂಟು ವರ್ಷ! ಅದೂ ಹೊಗೆ ಕಣ್ಣಿಗೆ ಕಾಣುವಂತಿದ್ದ ಪ್ರಕರಣದಲ್ಲಿ, ಆಸ್ಟ್ರೇಲಿಯದ ಸಂಸತ್ತಿನ ಮೇಲ್ಮನೆಯ ಸಮಿತಿಯೇ ಆ ಮಾದರಿಯ ವಿಮಾನದ ಗಾಳಿಯ ಬಗ್ಗೆ ತನಿಖೆ ನಡೆಸಿ 2000ದಲ್ಲಿ ವರದಿ ಕೊಟ್ಟಿದ್ದ ದೇಶದಲ್ಲಿ. ಗುತ್ತಿಗೆಯ ಅವಧಿ ಮುಗಿದರೆ ನವೀಕರಣವಾಗುತ್ತದೋ ಇಲ್ಲವೋ ಎಂಬ ಅಳುಕಿನಲ್ಲಿ ದುಡಿಯುವ ನಮ್ಮ ಹುಬ್ಬಳ್ಳಿಯ, ಮಂಗಳೂರಿನ ಯುವತಿಗೆ ಅಷ್ಟು ದೀರ್ಘ ಹೋರಾಟ ಊಹೆಗೂ ನಿಲುಕದು. ವೈದ್ಯಕೀಯವಾಗಿ ಅನರ್ಹಳೆಂದು ಬರೆದುಬಿಟ್ಟಾರು ಎಂಬ ಹೆದರಿಕೆಯಿಂದ ಬಾಯಿ ಮುಚ್ಚಿಕೊಳ್ಳುವವರೇ ಹೆಚ್ಚು. ನನ್ನ ಪರಿಚಯದ ಕುಟುಂಬವೊಂದರಲ್ಲಿ ಮಗಳು ಇಂಥ ಒಂದು ಹಾರಾಟದ ಬಳಿಕ ವಾರಗಟ್ಟಲೆ ಹೆಸರುಗಳನ್ನು ಮರೆಯುತ್ತಿದ್ದಳು, ಕೈ ನಡುಗಿ ಕಾಫಿ ಲೋಟ ಹಿಡಿಯಲಾಗುತ್ತಿರಲಿಲ್ಲ. ಅದಕ್ಕೆ ಆ ಹಾರಾಟವೇ ಕಾರಣ ಎಂದು ನಾನು ಹೇಳಲಾರೆ. ಅಲ್ಲ ಎಂದು ಹೇಳಲು ಅವಳ ಸಂಸ್ಥೆಯ ಬಳಿಯೂ ಯಾವ ದಾಖಲೆ ಇರಲಿಲ್ಲ, ಆದರೂ ಅಲ್ಲ ಎಂದೇ ಉತ್ತರ ಬಂತು.

ಪ್ರಯಾಣಿಕರಿಗೂ ಇದು ಸಂಬಂಧಿಸಿದ್ದು ನಿಜ. ಆದರೆ ನಮ್ಮ ನಿಯಮದ ಪ್ರಕಾರ ಸಿಬ್ಬಂದಿ ವರ್ಷಕ್ಕೆ 1,000 ಗಂಟೆಯವರೆಗೆ ಹಾರಬಹುದು. ಆ ಗಾಳಿ ಅವರ ಕೆಲಸದ ಸ್ಥಳದ ಗಾಳಿ. ಕಾರ್ಖಾನೆಯೊಂದರಲ್ಲಿ ಇಂಥ ಸೋರಿಕೆಯಾದರೆ ಕೇಳಲು ಕಾನೂನಿದೆ, ಇನ್‌ಸ್ಪೆಕ್ಟರ್ ಇದ್ದಾರೆ. ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೆಯ ಅನುಸೂಚಿಯಲ್ಲಿ ರಂಜಕ (ಫಾಸ್ಫರಸ್) ಮತ್ತು ಅದರ ವಿಷಕಾರಿ ಸಂಯುಕ್ತಗಳಿಂದ ಬರುವ ಕಾಯಿಲೆಗಳು ವೃತ್ತಿಜನ್ಯ ಕಾಯಿಲೆಗಳ ಸಾಲಿನಲ್ಲಿವೆ. ಎಂಜಿನ್ ಎಣ್ಣೆಯ ರಾಸಾಯನಿಕವೂ ರಂಜಕದ ಸಂಯುಕ್ತವೇ ಆಗಿರುವುದರಿಂದ ಕಾನೂನಿನ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದು ನನ್ನ ತಿಳಿವಳಿಕೆ. ಬಲ್ಲ ವಕೀಲರು ಇದರ ಬಗ್ಗೆ ಬರೆಯಬೇಕೆಂದು ಕೋರುತ್ತೇನೆ.

ಮಾಡಬೇಕಾದ ಕೆಲಸಕ್ಕೆ ಮಾದರಿಗಳಿಲ್ಲದೆ ಇಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ 2015ರಲ್ಲಿಯೇ ಇಂಥ ಘಟನೆಗಳನ್ನು ಗುರುತಿಸಲು ಸಿಬ್ಬಂದಿಗೆ ಕೊಡಬೇಕಾದ ತರಬೇತಿ ಮತ್ತು ವರದಿಯ ನಮೂನೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅಮೆರಿಕ 2024ರ ತನ್ನ ವಿಮಾನಯಾನ ಕಾಯ್ದೆಯಲ್ಲಿ ಆವಿ ಮತ್ತು ಹೊಗೆಯ ಘಟನೆಗಳಿಗೆ ಏಕರೂಪದ ವರದಿ ವ್ಯವಸ್ಥೆಯನ್ನು ವಿಧಿಸಿದೆ. ನಮ್ಮಲ್ಲಿ ಹೊಗೆ ಕಂಡರೆ ವರದಿಯಾಗುತ್ತದೆ, ಬರೀ ವಾಸನೆಯಾದರೆ ಬಹಳ ಸಲ ಲಾಗ್‌ನ ಒಂದು ಸಾಲಾಗಿ ಮುಗಿಯುತ್ತದೆ. ಮಹಾನಿರ್ದೇಶನಾಲಯ ಇದಕ್ಕೆ ಪ್ರತ್ಯೇಕ ವರ್ಗವೊಂದನ್ನು ಮಾಡಿ, ಕ್ಯಾಬಿನ್ ಸಿಬ್ಬಂದಿಯೂ ಕ್ಯಾಪ್ಟನ್ ಮತ್ತು ಕಂಪನಿಯ ಮೂಲಕವಲ್ಲದೆ ನೇರವಾಗಿ ವರದಿ ಕೊಡುವ ಅವಕಾಶ ಮಾಡಬೇಕು. ಒಂದೇ ನೋಂದಣಿಯ ವಿಮಾನದ ಮೇಲೆ ಎರಡನೆಯ ದೂರು ಬಂದರೆ ಅದನ್ನು ಹಾರಾಟದಿಂದ ಇಳಿಸಿ ಕೊಳವೆ ಬಿಚ್ಚಿ ನೋಡುವುದು ಕಡ್ಡಾಯವಾಗಬೇಕು, ಮೂಸಿ ನೋಡಿ ಸಹಿ ಹಾಕುವ ಪದ್ಧತಿ ನಿಲ್ಲಬೇಕು. ಬ್ಲೀಡ್ ಗಾಳಿಗೆ ಶೋಧಕ ಅಳವಡಿಸುವ ಪ್ರಯತ್ನಗಳು ಬೇರೆ ದೇಶಗಳಲ್ಲಿ ನಡೆದಿವೆ. ಅದಕ್ಕೆ ಹಣ ಮತ್ತು ಕಾಲ ಬೇಕೆಂಬುದು ನನಗೆ ಗೊತ್ತು. ಒಂದು ಸಣ್ಣ ಕಾರ್ಬನ್ ಮಾನಾಕ್ಸೈಡ್ ಮಾಪಕವನ್ನು ಕಾಕ್‌ಪಿಟ್‌ನಲ್ಲಿ ಇಡಲು ಅಷ್ಟು ಕಾಲ ಬೇಕಾಗಿಲ್ಲ.

ರಕ್ತಪರೀಕ್ಷೆಯ ವ್ಯವಸ್ಥೆಯನ್ನು ಬೆಂಗಳೂರಿನಿಂದಲೇ ಆರಂಭಿಸಬಹುದು ಎಂಬುದಕ್ಕೆ ಗಟ್ಟಿ ಕಾರಣಗಳಿವೆ. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ವರ್ಷಕ್ಕೆ 4 ಕೋಟಿಗೂ ಹೆಚ್ಚು ಜನ ಪ್ರಯಾಣಿಸುತ್ತಾರೆ. ಅನೇಕ ಸಂಸ್ಥೆಗಳ ಸಿಬ್ಬಂದಿಯ ನೆಲೆ ಇಲ್ಲಿಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದಕ್ಷಿಣ ಪ್ರಾದೇಶಿಕ ವೃತ್ತಿ ಆರೋಗ್ಯ ಕೇಂದ್ರ ಇರುವುದು ಅದೇ ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದಲ್ಲಿ, ನಿಲ್ದಾಣದ ನೆರೆಯಲ್ಲಿ. ಪೈಲಟ್‌ಗಳ ದೇಹಸ್ಥಿತಿಯನ್ನು ಪರೀಕ್ಷಿಸುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇದೇ ನಗರದಲ್ಲಿದೆ. ನರರೋಗಗಳಿಗೆ ನಿಮ್ಹಾನ್ಸ್ ಇದೆ. ಕೀಟನಾಶಕದ ವಿಷಬಾಧೆಯನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳ ವೈದ್ಯರು ದಶಕಗಳಿಂದ ನೋಡುತ್ತಾ ಬಂದಿರುವುದರಿಂದ ಆರ್ಗನೊಫಾಸ್ಫೇಟ್ ಎಂದರೆ ಕರ್ನಾಟಕದ ವೈದ್ಯರಿಗೆ ಹೊಸದಲ್ಲ. ದೂರು ಬಂದ ವಿಮಾನ ಇಳಿದ ಎರಡು ಗಂಟೆಯೊಳಗೆ ನಿಲ್ದಾಣದ ವೈದ್ಯಕೀಯ ಕೊಠಡಿಯಲ್ಲಿಯೇ ಸಿಬ್ಬಂದಿಯ ರಕ್ತ ಮತ್ತು ಮೂತ್ರದ ಮಾದರಿ ತೆಗೆದು, ಕಾರ್ಬನ್ ಮಾನಾಕ್ಸೈಡ್‌ನ ಮಟ್ಟವನ್ನು ಕೂಡಲೇ ಅಳೆದು, ಉಳಿದದ್ದನ್ನು ಕನ್ನಮಂಗಲದ ಕೇಂದ್ರದಲ್ಲಿ ಕಾಪಿಟ್ಟು, ಮೂರು ವಾರಗಳ ಬಳಿಕ ನರಗಳ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುವ ಕ್ರಮ ಬರಬೇಕು. ಈ ರಾಸಾಯನಿಕದಿಂದಾಗುವ ನರದೌರ್ಬಲ್ಯ ಒಂದರಿಂದ ಮೂರು ವಾರ ತಡವಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ಮೆಕ್ನೆಸ್‌ನ ಕಾಲದಿಂದಲೂ ತಿಳಿದ ಸಂಗತಿಯಾದ್ದರಿಂದ ಎರಡನೆಯ ಪರೀಕ್ಷೆ ಬಹಳ ಮುಖ್ಯ. ಕೆಲವು ವರ್ಷ ಹೀಗೆ ಮಾದರಿಗಳು ಸೇರಿದರೆ ವಿಜ್ಞಾನಿಗಳ ವಿವಾದಕ್ಕೂ ನಮ್ಮ ದೇಶದಿಂದ ಒಂದು ಉತ್ತರ ಸಿಕ್ಕೀತು. ಆವಿಗಳಿಂದ ಹಾನಿಯಿಲ್ಲ ಎಂಬ ಉತ್ತರವೇ ಬಂದರೂ ಅದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ರಾಜ್ಯದ ಕಾರ್ಮಿಕ ಸಚಿವರೂ ನಮ್ಮ ಸಂಸತ್ ಸದಸ್ಯರೂ ಈ ಬೇಡಿಕೆಯನ್ನು ಕೇಂದ್ರ ಸರ್ಕಾರದ ಮುಂದಿಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಅಂಥ ವ್ಯವಸ್ಥೆ ಬರುವವರೆಗೆ, ಈ ಪತ್ರವನ್ನು ಓದುವ ಸಿಬ್ಬಂದಿ ಮತ್ತು ಅವರ ಮನೆಯವರಿಗೆ ಒಂದು ಮಾತು. ಹಾರಾಟದಲ್ಲಿ ಇಂಥ ವಾಸನೆ ಬಂದರೆ ಎಷ್ಟು ಹೊತ್ತಿಗೆ ಬಂತು, ವಿಮಾನ ಏರುತ್ತಿತ್ತೋ ಇಳಿಯುತ್ತಿತ್ತೋ, ಕ್ಯಾಬಿನ್‌ನ ಯಾವ ಭಾಗದಲ್ಲಿ ಹೆಚ್ಚಾಗಿತ್ತು, ಜೊತೆಯವರಲ್ಲಿ ಯಾರಿಗೆ ಏನಾಯಿತು ಎಂಬುದನ್ನು ವಿಮಾನದ ನೋಂದಣಿ ಸಂಖ್ಯೆಯ ಸಮೇತ ಅಲ್ಲಿಯೇ ಬರೆದಿಟ್ಟುಕೊಳ್ಳಿ. ಇಳಿದ ಮೇಲೆ ಹೋಟೆಲಿಗಾಗಲಿ ಮನೆಗಾಗಲಿ ಹೋಗುವ ಮೊದಲು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಎಂಜಿನ್ ಎಣ್ಣೆಯ ಆವಿಯನ್ನು ಉಸಿರಾಡಿರುವ ಸಂದೇಹವಿದೆ ಎಂದು ಸ್ಪಷ್ಟವಾಗಿ ತಿಳಿಸಿ, ರಕ್ತಕ್ಕೆ ಸೇರಿದ ಕಾರ್ಬನ್ ಮಾನಾಕ್ಸೈಡನ್ನು ಅಳೆಯುವ ಕಾರ್ಬಾಕ್ಸಿಹಿಮೋಗ್ಲೋಬಿನ್ ಮತ್ತು ಆರ್ಗನೊಫಾಸ್ಫೇಟ್‌ನ ಪ್ರಭಾವವನ್ನು ತೋರಿಸುವ ಕೋಲಿನೆಸ್ಟರೇಸ್ ಎಂಬ ಎರಡು ಪರೀಕ್ಷೆಗಳನ್ನು ಹೆಸರು ಹೇಳಿ ಕೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಾರ್ಬನ್ ಮಾನಾಕ್ಸೈಡ್ ಇದ್ದಾಗಲೂ ಆಮ್ಲಜನಕ ಸರಿಯಾಗಿದೆ ಎಂದೇ ತೋರಿಸಬಹುದು, ಆದ್ದರಿಂದ ಅದರ ಅಂಕಿಯೊಂದನ್ನೇ ನೋಡಿ ಹಿಂದಿರುಗಬೇಡಿ. ಮಾದರಿ ತೆಗೆದ ಸಮಯವನ್ನು ಚೀಟಿಯ ಮೇಲೆ ಬರೆಸಿ, ಅದರ ಒಂದು ಪ್ರತಿಯನ್ನು ಕಂಪನಿಗೆ ಕೊಡುವ ಮೊದಲು ನಿಮ್ಮ ಬಳಿ ಇಟ್ಟುಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್
ಯಲಹಂಕ, ಬೆಂಗಳೂರು